ಎಂದೂ ಅಚ್ಚಾಗದ ಸಂಚಿಕೆಯ ಮುಖಪುಟ

ಅಮೆರಿಕದ ಕಾಮಿಕ್ಸ್ ಲೋಕದಲ್ಲಿ ಬ್ಯಾಟ್‌ಮ್ಯಾನ್ ಡಿಸಿ ಕಂಪನಿಯವನು, ಸ್ಪೈಡರ್‌ಮ್ಯಾನ್ ಮಾರ್ವೆಲ್‌ ಕಂಪನಿಯವನು. ಇಂಥವರು ಒಂದೇ ಕಥೆಯಲ್ಲಿ ಸೇರಬೇಕಾದರೆ ಎರಡು ಕಂಪನಿಗಳೂ ಒಪ್ಪಬೇಕು. ಅದು ಸುಲಭಕ್ಕೆ ಆಗುವುದಿಲ್ಲ. 1976ರಲ್ಲಿ ಡಿಸಿಯ ಸೂಪರ್‌ಮ್ಯಾನ್ ಮತ್ತು ಸ್ಪೈಡರ್‌ಮ್ಯಾನ್ ಒಂದು ದೊಡ್ಡ ಪುಸ್ತಕದಲ್ಲಿ ಮೊದಲ ಸಲ ಎದುರಾದರು. ಡಿಸಿ ಹೀರೋಗಳ ತಂಡ ಜಸ್ಟಿಸ್ ಲೀಗ್ ಮತ್ತು ಮಾರ್ವೆಲ್ ಹೀರೋಗಳ ತಂಡ ಅವೆಂಜರ್ಸ್ ಸೇರುವ ಪುಸ್ತಕ 1983ರಲ್ಲಿ ಬರಬೇಕಿತ್ತು. ಜಾರ್ಜ್ ಪೆರೆಜ್ ಚಿತ್ರ ಬರೆಯಲು ಶುರುವೂ ಮಾಡಿದ್ದರು. ಎರಡೂ ಕಡೆಯ ಸಂಪಾದಕರಿಗೆ ಹೊಂದಿಕೆಯಾಗದೆ ಅದು ನಿಂತುಹೋಯಿತು. ಕೊನೆಗೆ ಬಂದದ್ದು 2003ರಲ್ಲಿ, ಅದೇ ಪೆರೆಜ್ ಕೈಯಿಂದ. ಆ ಕಥೆ 2004ರಲ್ಲಿ ಮುಗಿದ ಮೇಲೆ, 2025ರಲ್ಲಿ ಮಾರ್ವೆಲ್‌ನ ಡೆಡ್‌ಪೂಲ್ ಮತ್ತು ಬ್ಯಾಟ್‌ಮ್ಯಾನ್ ಸಿಗುವವರೆಗೆ ಎರಡು ಕಂಪನಿಗಳ ನಡುವೆ ಹೊಸ ಕಥೆಯೇ ಇಲ್ಲ.

ಈ ಖಾಲಿ ಜಾಗವನ್ನು ನಮ್ಮಂಥ ಅಭಿಮಾನಿಗಳು ಕಂಪ್ಯೂಟರಿನಲ್ಲಿ ತುಂಬುತ್ತಿದ್ದೇವೆ. ಹಳೆಯ ಕಾಮಿಕ್ಸ್ ಚಿತ್ರಗಳನ್ನು ಸ್ಕ್ಯಾನ್ ಮಾಡಿ, ಫೋಟೋಶಾಪ್, ಜಿಂಪ್‌ನಂಥ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಜೋಡಿಸಿ, ಎಂದೂ ಬಾರದ ಸಂಚಿಕೆಯ ಮುಖಪುಟ ಮಾಡುವುದು. ಕಥೆ ಇಲ್ಲ, ಒಳಪುಟ ಇಲ್ಲ, ಬರೀ ಮುಖಪುಟ. ನನಗೆ ಇದು ಬಹಳ ಪ್ರೀತಿಯ ಕೆಲಸ. ಇದನ್ನು ಕೈಯಾರೆಯೇ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಯಾಕೆ ಅಂತ ಒಂದು ಜೋಡಿಯ ಮೂಲಕವೇ ಹೇಳುತ್ತೇನೆ. 1971ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಎರಡು ಜೌಗು ರಾಕ್ಷಸರು ಹುಟ್ಟಿದರು. ಮಾರ್ವೆಲ್‌ನಲ್ಲಿ ಮ್ಯಾನ್-ಥಿಂಗ್, ಡಿಸಿಯಲ್ಲಿ ಸ್ವಾಂಪ್ ಥಿಂಗ್. ಮೊದಲನೆಯದರ ಕಥೆ ಬರೆದವರಲ್ಲಿ ಒಬ್ಬರು ಜೆರ್ರಿ ಕಾನ್ವೇ. ಎರಡನೆಯದರ ಕಥೆ ಬರೆದವರು ಲೆನ್ ವೀನ್. ಆಗ ಇವರಿಬ್ಬರೂ ಒಂದೇ ರೂಮಿನಲ್ಲಿದ್ದ ಗೆಳೆಯರು! ಮ್ಯಾನ್-ಥಿಂಗ್‌ನ ಎರಡನೇ ಕಥೆಯನ್ನು ಬರೆದವರೂ ವೀನ್ ಅವರೇ. 1976ರ ಸೂಪರ್‌ಮ್ಯಾನ್-ಸ್ಪೈಡರ್‌ಮ್ಯಾನ್ ಕಥೆ ಬರೆದವರು ಅದೇ ಕಾನ್ವೇ. ಇಷ್ಟೆಲ್ಲ ನಂಟಿದ್ದ ಮೇಲೆ ಈ ಎರಡು ರಾಕ್ಷಸರು ಒಂದು ಮುಖಪುಟದಲ್ಲಿ ಸಿಗಲೇಬೇಕು, ಅಲ್ವಾ?

ಮೊದಲ ತೊಂದರೆ ಬಣ್ಣದ್ದು. ಇಬ್ಬರೂ ಹಸಿರು, ಹಿಂದಿನ ಕಾಡೂ ಹಸಿರು. ಸುಮ್ನೆ ಪಕ್ಕಪಕ್ಕ ಇಟ್ಟರೆ ಯಾರ ತೋಳು ಎಲ್ಲಿ ಮುಗಿಯುತ್ತದೆ ಅಂತಲೇ ತಿಳಿಯುವುದಿಲ್ಲ. ಹಿಂದೆ ಹಳದಿ ಚಂದ್ರ ತಂದು, ಒಬ್ಬನಿಗೆ ತಿಳಿನೀಲಿ ಬಳಿದರೆ ಇಬ್ಬರೂ ಬೇರೆಯಾಗುತ್ತಾರೆ. ಆಮೇಲೆ ಗೆರೆ. ಸ್ವಾಂಪ್ ಥಿಂಗ್‌ಗೆ ಬರ್ನಿ ರೈಟ್‌ಸನ್ ಹಾಕುತ್ತಿದ್ದ ಗೆರೆಗಳು ನೂಲಿನಷ್ಟು ತೆಳು. ಮೈಕ್ ಪ್ಲೂಗ್ ಬರೆದ ಮ್ಯಾನ್-ಥಿಂಗ್ ದುಂಡಗೆ, ಮೆತ್ತಗೆ ಇರುತ್ತಾನೆ. ಒಳಪುಟದ ಸಣ್ಣ ಚೌಕದಿಂದ ಒಬ್ಬನನ್ನು ತೆಗೆದು ಹಿಗ್ಗಿಸಿದರೆ ಗೆರೆಯೂ ದಪ್ಪವಾಗುತ್ತದೆ, ಅಚ್ಚಿನ ಚುಕ್ಕಿಗಳೂ ಊದಿಕೊಳ್ಳುತ್ತವೆ. ಹಾಗಾಗಿ ಇಬ್ಬರೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರುವ ಚಿತ್ರಗಳನ್ನೇ ಹುಡುಕಬೇಕು. ಬೆಳಕು ಒಂದೇ ಕಡೆಯಿಂದ ಬೀಳಬೇಕು. ಕಣ್ಣಿನ ನೋಟ ಒಬ್ಬರತ್ತ ಒಬ್ಬರು ತಿರುಗಿರಬೇಕು. ಹುಡುಕುತ್ತಾ ಹುಡುಕುತ್ತಾ ಹಳೆಯ ಸಂಚಿಕೆಗಳನ್ನೆಲ್ಲ ಮತ್ತೆ ಓದುವಂತಾಗುತ್ತದೆ. ನನಗೆ ಈ ಭಾಗವೇ ಎಲ್ಲಕ್ಕಿಂತ ಇಷ್ಟ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಕಥೆ. ಮ್ಯಾನ್-ಥಿಂಗ್‌ಗೆ ಬುದ್ಧಿ ಇಲ್ಲ, ಎದುರಿಗಿದ್ದವರ ಭಾವನೆ ಮಾತ್ರ ಅದಕ್ಕೆ ತಿಳಿಯುತ್ತದೆ. ಭಯಪಟ್ಟವರನ್ನು ಅದು ಮುಟ್ಟಿದರೆ ಅವರು ಸುಟ್ಟುಹೋಗುತ್ತಾರೆ. ಸ್ವಾಂಪ್ ಥಿಂಗ್ ಒಳಗೆ ಮನುಷ್ಯನ ಮನಸ್ಸಿದೆ. ಅಂದರೆ ಅವನಿಗೆ ಭಯವೂ ಇದೆ. ಮುಖಪುಟದಲ್ಲಿ ಒಬ್ಬನ ಕೈ ಇನ್ನೊಬ್ಬನ ಕೈಯ ಹತ್ತಿರ ಬರುತ್ತಿದೆ, ಇನ್ನೂ ಮುಟ್ಟಿಲ್ಲ. ಇಷ್ಟು ತೋರಿಸಿದರೆ ಸಾಕು, ನೋಡಿದವರು ಮುಂದಿನ ಕಥೆಯನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಡಿಸಿಯ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಎಷ್ಟೋ ಸಲ ಮೊದಲು ಮುಖಪುಟ ಬರೆಸಿ, ಆಮೇಲೆ ಅದಕ್ಕೆ ತಕ್ಕ ಕಥೆ ಬರೆಸುತ್ತಿದ್ದರು. ಇಬ್ಬರು ಹೀರೋಗಳು ಮುಷ್ಟಿ ಬಿಗಿದು ನಿಂತಿರುವ ಕಲ್ಪನೆಯ ಮುಖಪುಟಗಳು ನೆಟ್‌ನಲ್ಲಿ ರಾಶಿ ಇವೆ. ಅದರಲ್ಲಿ ಪ್ರಶ್ನೆಯೇ ಇಲ್ಲ, ಹಾಗಾಗಿ ನೆನಪಿನಲ್ಲೂ ಉಳಿಯುವುದಿಲ್ಲ.

ಚಿಕ್ಕ ವಿವರಗಳಲ್ಲೂ ನಿಜ ಇರಬೇಕು. 1965ರ ಸಂಚಿಕೆ ಅಂತ ತೋರಿಸಬೇಕಾದರೆ ಬೆಲೆ 12 ಸೆಂಟ್, 1973 ಆದರೆ 20 ಸೆಂಟ್. ಮೇಲೆ ಕಾಮಿಕ್ಸ್ ಕೋಡ್ ಮುದ್ರೆ, ಅಂದರೆ ಆಗಿನ ಸೆನ್ಸಾರ್ ಒಪ್ಪಿಗೆಯ ಗುರುತು, ಇರಲೇಬೇಕು. ಹಳೆಯ ಕಾಗದದಂತೆ ಕಾಣಬೇಕಾದರೆ ಬಿಳಿ ಬಣ್ಣ ತೀರಾ ಬೆಳ್ಳಗಿರಬಾರದು.

ಈಗ ಎಐಗೆ ಒಂದು ಸಾಲು ಬರೆದರೆ ಕ್ಷಣದಲ್ಲಿ ಮುಖಪುಟ ಬಂದುಬಿಡುತ್ತದೆ. ನನಗೆ ಅದು ಬೇಡ. ಅದರಲ್ಲಿರುವ ಗೆರೆ ಯಾರದು ಅಂತ ಹೇಳಲು ಯಾರಿಗೂ ಆಗುವುದಿಲ್ಲ. ನಾನು ಜೋಡಿಸಿದ ಚಿತ್ರದಲ್ಲಿ ಈ ತೋಳು ರೈಟ್‌ಸನ್ ಅವರದು, ಆ ಕೆಂಪು ಕಣ್ಣು ಪ್ಲೂಗ್ ಅವರದು ಅಂತ ಬೆರಳಿಟ್ಟು ತೋರಿಸಬಹುದು.

ಬೇರೆಯವರ ಚಿತ್ರ ತೆಗೆದುಕೊಳ್ಳುವುದೂ ಕಳ್ಳತನವೇ ಅಲ್ವಾ ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಪಾತ್ರಗಳು ಕಂಪನಿಗಳದ್ದು, ಗೆರೆ ಆ ಕಲಾವಿದರದ್ದು. ಆದ್ದರಿಂದ ಇದನ್ನು ಮಾರಬಾರದು. ಟೀ ಶರ್ಟ್ ಮೇಲೆ, ಪೋಸ್ಟರ್ ಮೇಲೆ ಅಚ್ಚು ಹಾಕಿ ದುಡ್ಡು ಮಾಡುವವರನ್ನು ನಾನು ಒಪ್ಪುವುದಿಲ್ಲ. ನಿಜವಾದ ಸಂಚಿಕೆ ಅಂತ ಯಾರನ್ನೂ ನಂಬಿಸಲೂಬಾರದು. ನಾನು ಮಾಡಿದ ಪ್ರತಿ ಮುಖಪುಟದ ಕೆಳಗೆ ಇದು ಕಲ್ಪನೆ ಅಂತ ಬರೆದು, ಮೂಲ ಚಿತ್ರಕಾರರ ಹೆಸರು ಹಾಕುತ್ತೇನೆ. ಚಿತ್ರ ಇಷ್ಟವಾದರೆ ಧಾರಾಳವಾಗಿ ಹಂಚಿಕೊಳ್ಳಿ. ಆ ಹೆಸರಿನ ಸಾಲನ್ನು ಮಾತ್ರ ಕತ್ತರಿಸಬೇಡಿ.