ಪರ-ವಿರೋಧ: ಜೀನ್ ಹ್ಯಾಕ್‌ಮನ್ 74ಕ್ಕೇ ನಟನೆ ಬಿಟ್ಟದ್ದು ಸರಿಯೇ?

ಪರ: ಎದೆಯ ಮಾತು ಕೇಳಿದರು, ಅದೇ ಸರಿ

ನಟ ಯಾವಾಗ ನಿಲ್ಲಿಸಬೇಕು ಅನ್ನೋದನ್ನು ಪ್ರೇಕ್ಷಕರು ತೀರ್ಮಾನ ಮಾಡುವ ಹಾಗಿಲ್ಲ. ದುಡಿದವರು ಅವರು, ದಣಿದವರೂ ಅವರೇ.

ಹಾಲಿವುಡ್ ನಟ ಜೀನ್ ಹ್ಯಾಕ್‌ಮನ್ ಅವರ ಕೊನೆಯ ಸಿನಿಮಾ ‘ವೆಲ್‌ಕಮ್ ಟು ಮೂಸ್‌ಪೋರ್ಟ್’ 2004ರಲ್ಲಿ ಬಂತು. ಆಗ ಅವರಿಗೆ 74. ಅದೇ ವರ್ಷ ಒಂದು ಟೀವಿ ಸಂದರ್ಶನದಲ್ಲಿ, ಕೈಯಲ್ಲಿ ಯಾವ ಸಿನಿಮಾನೂ ಇಲ್ಲ, ನನ್ನ ನಟನೆ ಇಲ್ಲಿಗೆ ಮುಗಿಯಿತು ಅನಿಸುತ್ತೆ ಎಂದರು. 2008ರಲ್ಲಿ ಅದನ್ನೇ ಖಚಿತ ಮಾಡಿದರು. 2025ರ ಫೆಬ್ರವರಿಯಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಮತ್ತೆ ಬಣ್ಣ ಹಚ್ಚಲಿಲ್ಲ. ಕಾರಣವನ್ನೂ ಆಮೇಲೆ ಹೇಳಿದರು. ನ್ಯೂಯಾರ್ಕಿನ ವೈದ್ಯರು ಹೃದಯ ಪರೀಕ್ಷೆ ಮಾಡಿ, ಇನ್ನು ಒತ್ತಡ ಬೇಡ ಎಂದಿದ್ದರಂತೆ. 1990ರಲ್ಲೇ ಒಮ್ಮೆ ಆಂಜಿಯೋಪ್ಲಾಸ್ಟಿ ಆಗಿದ್ದ ಎದೆ ಅದು.

ಅವರದು ಆರಾಮಿನ ನಟನೆ ಆಗಿರಲೇ ಇಲ್ಲ. ‘ದಿ ಫ್ರೆಂಚ್ ಕನೆಕ್ಷನ್’ (1971) ನೋಡಿ. ಮಾದಕವಸ್ತು ತಂದ ಫ್ರೆಂಚ್ ವ್ಯಾಪಾರಿ ಬೆಚ್ಚಗಿನ ಹೋಟೆಲಿನಲ್ಲಿ ಕೂತು ಊಟ ಮಾಡ್ತಿರ್ತಾನೆ. ಎದುರು ಫುಟ್‌ಪಾತಿನಲ್ಲಿ ಪೊಲೀಸ್ ಪಾಪ್‌ಐ ಡಾಯ್ಲ್ (ಹ್ಯಾಕ್‌ಮನ್) ಚಳಿಗೆ ಕಾಲು ಕುಟ್ಟುತ್ತಾ, ಒಂದು ತುಂಡು ಪಿಜ್ಜಾ ಕಚ್ಚುತ್ತಾ ನಿಂತಿರ್ತಾನೆ. ಪೇಪರ್ ಲೋಟದ ಕಾಫಿ ಕುಡೀಲಾಗದೆ ನೆಲಕ್ಕೆ ಸುರೀತಾನೆ. ಮಾತೇ ಇಲ್ಲ. ಆದರೂ ಆ ಮನುಷ್ಯನ ಹೊಟ್ಟೆಕಿಚ್ಚು, ಹಟ ಎಲ್ಲಾ ಗೊತ್ತಾಗಿಬಿಡುತ್ತೆ. ಆ ಪಾತ್ರದ ಒರಟುತನ ಹಿಡಿಸದೆ ಶೂಟಿಂಗ್ ಶುರುವಿನಲ್ಲೇ ಬಿಟ್ಟುಹೋಗಲು ನೋಡಿದ್ದರಂತೆ. ಉಳಿದರು, ಶ್ರೇಷ್ಠ ನಟ ಆಸ್ಕರ್ ಗೆದ್ದರು. ಹೀಗೆ ಪ್ರತಿ ಸಲವೂ ತಮ್ಮನ್ನು ಹಿಂಡಿಕೊಂಡೇ ನಟಿಸಿದ ಮನುಷ್ಯನನ್ನು ಇನ್ನಷ್ಟು ಹಿಂಡು ಅನ್ನೋಕೆ ನಮಗೆ ಹೇಗೆ ಮನಸ್ಸು ಬರುತ್ತೆ?

ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ನನ್ನ ಅಪ್ಪ ಕಾರಣ. ಅವರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಶಿವಮೊಗ್ಗ-ಬೆಂಗಳೂರು ರಾತ್ರಿ ಬಸ್ಸು. ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಬೆಳಿಗ್ಗೆ ಎದ್ದ ಕೂಡಲೇ ಒಂದು ಕೈಯಿಂದ ಇನ್ನೊಂದು ಕೈಯ ನಾಡಿ ಹಿಡಿದು, ಗೋಡೆ ಗಡಿಯಾರ ನೋಡುತ್ತಾ ಕೂರುತ್ತಿದ್ದರು. ಸರ್ವೀಸ್ ಇನ್ನೂ ಬಾಕಿ ಇತ್ತು. ಸ್ವಯಂ ನಿವೃತ್ತಿಗೆ ಅರ್ಜಿ ಕೊಟ್ಟರು. ಬೀದಿಯವರು ಬಿಡ್ತಾರಾ? “ಏನ್ರೀ, ಇನ್ನೂ ಗಟ್ಟಿಮುಟ್ಟಾಗಿದ್ದೀರಿ, ಸುಮ್ನೆ ಯಾಕೆ ಬಿಟ್ರಿ?” ಅಂತ ಸಿಕ್ಕಸಿಕ್ಕವರೆಲ್ಲ ಕೇಳುತ್ತಿದ್ದರು. ಅಪ್ಪ ಉತ್ತರ ಕೊಡುತ್ತಿರಲಿಲ್ಲ. ಅಮ್ಮ ಮಾತ್ರ ಒಂದಿನ ತಡೆಯಲಾರದೆ, “ಹಿಂದೆ ಐವತ್ತು ಜನ ನಿದ್ದೆ ಮಾಡ್ತಿರ್ತಾರೆ, ಇವರ ಎದೆ ಕೈಕೊಟ್ರೆ ನೀವು ಬರ್ತೀರಾ ಬಸ್ ಓಡಿಸೋಕೆ?” ಎಂದು ರೇಗಿದರು. ಅಪ್ಪ ಆಮೇಲೆ ಬೀದಿ ಮಕ್ಕಳ ಸೈಕಲ್ ರಿಪೇರಿ ಮಾಡುತ್ತಾ ಇದ್ದರು. ಸಂಜೆ ಹೊತ್ತು ಮನೆ ಮುಂದೆ ಚೈನು, ಪೆಡಲು ಹರಡಿಕೊಂಡು ಕೂತಿದ್ದ ಅವರ ಮುಖದಲ್ಲಿ ಇದ್ದ ನೆಮ್ಮದಿ ಡ್ಯೂಟಿ ದಿನಗಳಲ್ಲಿ ನಾನು ಕಂಡದ್ದಲ್ಲ.

ಹ್ಯಾಕ್‌ಮನ್ ನ್ಯೂ ಮೆಕ್ಸಿಕೋದ ಸಾಂಟಾ ಫೆಯಲ್ಲಿ ಚಿತ್ರ ಬರೆದರು, ಕಾದಂಬರಿ ಬರೆದರು. ಅದೂ ಬದುಕೇ ಅಲ್ವಾ? 16ಕ್ಕೆ ವಯಸ್ಸು ಹೆಚ್ಚು ಹೇಳಿ ಮರೀನ್ಸ್ ಸೇನೆ ಸೇರಿದವರು. ಪ್ಯಾಸಡೀನಾದ ನಾಟಕ ಶಾಲೆಯಲ್ಲಿ ಅವರೂ ಡಸ್ಟಿನ್ ಹಾಫ್‌ಮನ್ನರೂ ಮುಂದೆ ಬರುವುದೇ ಇಲ್ಲ ಎಂದು ಜೊತೆಯವರು ತೀರ್ಪು ಕೊಟ್ಟಿದ್ದರು. ನ್ಯೂಯಾರ್ಕಿನಲ್ಲಿ ಬಾಗಿಲು ಕಾಯುವ ಕೆಲಸವನ್ನೂ ಮಾಡಿದರು. 37ನೇ ವಯಸ್ಸಿನಲ್ಲಿ ‘ಬಾನಿ ಅಂಡ್ ಕ್ಲೈಡ್’ ಬಂದ ಮೇಲಷ್ಟೇ ಹೆಸರಾದದ್ದು. ಅಷ್ಟು ಕಾದವರಿಗೆ ನಿಲ್ಲಿಸುವ ಹೊತ್ತನ್ನು ತಾವೇ ಆರಿಸಿಕೊಳ್ಳುವ ಹಕ್ಕು ಇರಬೇಕು.

ಕೊನೆಯ ಸಿನಿಮಾ ಚೆನ್ನಾಗಿರಲಿಲ್ಲ, ಇನ್ನೊಂದು ಮಾಡಬೇಕಿತ್ತು ಅನ್ನೋರು ಇದ್ದಾರೆ. ಎಷ್ಟು ಕೊಟ್ಟರೂ ಸಾಲದು ಅನ್ನುವವರಿಗೆ ಏನು ಹೇಳೋದು. ದುಡಿದವರು ಅವರು, ದಣಿದವರೂ ಅವರೇ.

ವಿರೋಧ: ಅವರ ‘ಬೇಡ’ ಕೊನೆಯ ಮಾತಾಗಬೇಕಿರಲಿಲ್ಲ

ಈ ಕಡೆ ನಿಂತು ಬರೆಯಿರಿ ಎಂದು ಸಂಪಾದಕರು ಕೇಳಿದ್ದರಿಂದ ಬರೆಯುತ್ತಿದ್ದೇನೆ. ನಿವೃತ್ತಿ ಅವರ ಹಕ್ಕು, ಅದರಲ್ಲಿ ನನಗೂ ಎರಡು ಮಾತಿಲ್ಲ. ಆದರೆ ಹಕ್ಕು ಇದೆ ಅಂದ ಮಾತ್ರಕ್ಕೆ ನಿರ್ಧಾರ ಸರಿ ಅಂತ ಆಗಲ್ಲ.

ಹ್ಯಾಕ್‌ಮನ್ ಮೊದಲು ಬೇಡ ಎಂದದ್ದನ್ನೇ ಆಮೇಲೆ ಅದ್ಭುತವಾಗಿ ಮಾಡಿದವರು. ‘ಫ್ರೆಂಚ್ ಕನೆಕ್ಷನ್’ ಬಿಡಲು ನೋಡಿದ ಕಥೆಯನ್ನು ಮೇಲಿನವರೇ ಹೇಳಿದ್ದಾರೆ. ‘ಅನ್‌ಫರ್‌ಗಿವನ್’ (1992) ಕೂಡ ಹಾಗೇ. ಹಿಂಸೆಯ ಪಾತ್ರ ಸಾಕು ಎಂದು ಒಪ್ಪಿರಲಿಲ್ಲ. ನಿರ್ದೇಶಕ ಕ್ಲಿಂಟ್ ಈಸ್ಟ್‌ವುಡ್ ಒಪ್ಪಿಸಿದರು. ಬಂದದ್ದು ಏನು? ಲಿಟಲ್ ಬಿಲ್ ಎಂಬ ಷರೀಫ್, ಅಂದರೆ ಊರಿನ ಪೊಲೀಸ್ ಮುಖ್ಯಸ್ಥ. ತನ್ನ ಮನೆಯನ್ನು ತಾನೇ ಕಟ್ಟುತ್ತಾನೆ, ಬಡಗಿ ಕೆಲಸ ಬರಲ್ಲ. ಮಳೆ ಬಂದರೆ ಸೂರು ಸೋರುತ್ತೆ, ಕೆಳಗೆ ಪಾತ್ರೆ ಇಟ್ಟಿರುತ್ತಾನೆ. ಊರವರ ಮುಂದೆ ಮನುಷ್ಯರನ್ನು ಒದ್ದು ಹಣ್ಣುಗಾಯಿ ಮಾಡುವವನು ಅಲ್ಲಿ ಹೆಮ್ಮೆಯಿಂದ ಕೂತು ಹಳೇ ಕಥೆ ಹೇಳುತ್ತಾನೆ. ಸಾಯುವಾಗಲೂ, ನಾನು ಮನೆ ಕಟ್ಟುತ್ತಿದ್ದೆನಲ್ಲ ಅನ್ನುತ್ತಾನೆ. ಅಷ್ಟು ಕ್ರೂರಿಯ ಬಗ್ಗೆಯೂ ಆ ಕ್ಷಣ ಮನಸ್ಸು ಕರಗುತ್ತೆ. ಅವರಿಗೆ ಎರಡನೇ ಆಸ್ಕರ್ ಬಂದದ್ದು ಇದಕ್ಕೇ. ‘ದಿ ರಾಯಲ್ ಟೆನೆನ್‌ಬಾಮ್ಸ್’ (2001) ವಿಷಯದಲ್ಲೂ ಅಷ್ಟೇ. ನಿರ್ದೇಶಕ ವೆಸ್ ಆಂಡರ್ಸನ್ ಹ್ಯಾಕ್‌ಮನ್‌ರನ್ನೇ ನೆನೆದು ಪಾತ್ರ ಬರೆದರೂ ಇವರಿಗೆ ಮನಸ್ಸಿರಲಿಲ್ಲ. ಕೊನೆಗೆ ಒಪ್ಪಿದರು, ಗೋಲ್ಡನ್ ಗ್ಲೋಬ್ ಬಂತು.

ಮೂರು ಸಲ ಬೇಡ ಎಂದರು, ಮೂರು ಸಲವೂ ಯಾರೋ ಉಳಿಸಿಕೊಂಡರು. 2004ರ ಬೇಡವನ್ನೂ ಯಾರಾದರೂ ಹಾಗೇ ತಡೆದು ನಿಲ್ಲಿಸಬೇಕಿತ್ತು.

ಆ ಸಿನಿಮಾದಲ್ಲಿ ಅವರ ಪಾತ್ರ ರಾಯಲ್ ಟೆನೆನ್‌ಬಾಮ್, ತನ್ನ ಮಕ್ಕಳನ್ನು ಬಿಟ್ಟುಹೋದ ತಂದೆ. ಸಾಯುವ ಕಾಯಿಲೆ ಬಂದಿದೆ ಎಂದು ಸುಳ್ಳು ಹೇಳಿ ಮನೆಗೆ ಮರಳುತ್ತಾನೆ. ಹ್ಯಾಕ್‌ಮನ್ ಅವರ ಸ್ವಂತ ತಂದೆಯೂ ಇವರಿಗೆ 13 ವರ್ಷ ಇದ್ದಾಗ ಮನೆ ಬಿಟ್ಟವರು. ಬೀದಿಯಲ್ಲಿ ಆಡುತ್ತಿದ್ದ ಮಗನಿಗೆ ಕಾರಿನಿಂದಲೇ ಕೈ ಬೀಸಿ ಹೋಗಿಬಿಟ್ಟರು. ಇಂಥ ತಂದೆಯರನ್ನು, ಅಜ್ಜಂದಿರನ್ನು 80ರ ಹ್ಯಾಕ್‌ಮನ್ ಇನ್ನೂ ಎಷ್ಟು ಚೆನ್ನಾಗಿ ಮಾಡುತ್ತಿದ್ದರು! ಬದಲಿಗೆ ನಮಗೆ ಕೊನೆಯದಾಗಿ ಸಿಕ್ಕಿದ್ದು ಪುಟ್ಟ ಊರಿನ ಮೇಯರ್ ಚುನಾವಣೆಗೆ ನಿಲ್ಲುವ ಅಮೆರಿಕದ ಮಾಜಿ ಅಧ್ಯಕ್ಷನ ಸಪ್ಪೆ ಹಾಸ್ಯ.

ಹೃದಯದ ಮಾತಿಗೆ ಬರೋಣ. ಒತ್ತಡ ಇದೆ ಅಂತ ಎಲ್ಲರೂ ಬಿಟ್ಟರೆ 70 ದಾಟಿದ ಯಾವ ನಟನೂ ತೆರೆಯ ಮೇಲೆ ಇರುವುದಿಲ್ಲ. ಹ್ಯಾಕ್‌ಮನ್ ಹುಟ್ಟಿದ 1930ರಲ್ಲೇ ಹುಟ್ಟಿದ ಈಸ್ಟ್‌ವುಡ್ 2021ರಲ್ಲಿ ‘ಕ್ರೈ ಮಾಚೊ’ದಲ್ಲಿ ತಾವೇ ನಟಿಸಿ ನಿರ್ದೇಶಿಸಿದರು. ಬಸ್ಸು ಬೇರೆ, ಸಿನಿಮಾ ಬೇರೆ. ದಿನಕ್ಕೆ ನಾಲ್ಕು ತಾಸು, ಎರಡೇ ವಾರ ಶೂಟಿಂಗ್ ಇರುವ ಚಿಕ್ಕ ಪಾತ್ರ ಕೊಡಬಹುದಿತ್ತು.

ಅದೂ ಬೇಡ ಅಂದರೆ ದನಿ ಇತ್ತು. 1998ರ ಅನಿಮೇಷನ್ ಚಿತ್ರ ‘ಆಂಟ್ಜ್’ನಲ್ಲಿ ಇರುವೆಗಳ ಸೇನಾಪತಿಗೆ ದನಿ ಕೊಟ್ಟದ್ದು ಇವರೇ. ನಿವೃತ್ತಿಯಾಗಿ ಹತ್ತು ವರ್ಷ ಕಳೆದ ಮೇಲೂ ಮರೀನ್ಸ್ ಬಗೆಗಿನ ಸಾಕ್ಷ್ಯಚಿತ್ರಗಳಿಗೆ ನಿರೂಪಣೆ ಮಾಡಿದರು. ಅದಕ್ಕೆ ಮೈಕಿನ ಮುಂದೆ ಕೂರಲು ಆಗಿತ್ತು ಅಂದಮೇಲೆ, ಒಂದು ಒಳ್ಳೇ ಕಥೆಗೂ ಕೂರಬಹುದಿತ್ತು.