ಟೆರಾ ವೆರಾದಲ್ಲಿ ಇದ್ದವರು ಯಾರು?

ನಿನ್ನೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಯಾರೋ ಬೆಂಗಳೂರಿನ ದೆವ್ವದ ಜಾಗಗಳ ವಿಡಿಯೊ ಹಾಕಿದ್ದರು. ಅದರಲ್ಲಿ ಮೊದಲನೇ ಹೆಸರೇ ಟೆರಾ ವೆರಾ. ಆ ಮನೆ ಈಗ ಎಲ್ಲಿದೆ ಸ್ವಾಮಿ? ಕೆಡವಿ ವರ್ಷಗಳೇ ಆದವು. ದೆವ್ವ ಮಾತ್ರ ಇನ್ನೂ ಖಾಲಿ ಮಾಡಿಲ್ಲ.

ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿದ್ದ ಬಂಗಲೆ ಅದು. 1943ರಲ್ಲಿ ಒಬ್ಬ ವಕೀಲರು ಕಟ್ಟಿಸಿದ್ದು. ಮುಂದೆ ಅವರ ಇಬ್ಬರು ಹೆಣ್ಣುಮಕ್ಕಳು ಅಲ್ಲೇ ಇದ್ದರು. ಒಬ್ಬರು ಪಿಯಾನೊ ಟೀಚರ್. 2002ರಲ್ಲಿ ಅವರನ್ನು ಆ ಮನೆಯಲ್ಲೇ ಇರಿದು ಕೊಂದರು. ಇನ್ನೊಬ್ಬರು ಮನೆ ಬಿಟ್ಟು ಹೋದರು. ನಡೆದದ್ದು ಇಷ್ಟು.

ಬಾಗಿಲು ಮುಚ್ಚಿದ ಮೇಲೆ ಶುರುವಾಯಿತು ನೋಡಿ ನಮ್ಮ ಕೆಲಸ. ರಾತ್ರಿ ಪಿಯಾನೊ ಕೇಳುತ್ತಂತೆ, ಶಿಲುಬೆ ತಲೆಕೆಳಗಾಗಿದೆಯಂತೆ, ಹೆಣ ಒಳಗೇ ಹೂತಿದ್ದಾರಂತೆ. ಅಂತೆ ಕಂತೆಗಳಿಗೆ ಕೊನೆಯೇ ಇರಲಿಲ್ಲ.

ನಾನೂ ಸಾಚಾ ಅಲ್ಲ. ಒಂದು ಸಲ ಫ್ರೆಂಡ್ಸ್ ಜೊತೆ ಗೇಟಿನ ಹತ್ತಿರ ನಿಂತು ಇಣುಕಿದ್ದೆ. ಹಳೇ ಕಾರೊಂದು ತರಗೆಲೆ ಹೊದ್ದುಕೊಂಡು ನಿಂತಿತ್ತು. ಟೈರುಗಳು ಅರ್ಧ ಮಣ್ಣಿನೊಳಗೆ. ನಮ್ಮವನೊಬ್ಬ ಮೊಬೈಲ್ ಟಾರ್ಚ್ ಹಾಕಿಕೊಂಡು ಕಾಂಪೌಂಡ್ ಹಾರೋಕೆ ರೆಡಿ. ಪಕ್ಕದ ಕಟ್ಟಡದ ವಾಚ್‌ಮನ್ ಬಂದು, "ದೆವ್ವ ಇಲ್ಲ ಕಣ್ರಪ್ಪಾ, ಹಾವಿದೆ. ನಡೀರಿ" ಅಂದರು. ತಕ್ಷಣ ಜಾಗ ಖಾಲಿ ಮಾಡಿದೆವು!

ದೆವ್ವದ ಕತೆ ಅಂದರೆ ನನಗೆ ಬೇಜಾರಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯ ಬಾಗಿಲುಗಳ ಮೇಲೆಲ್ಲ "ನಾಳೆ ಬಾ" ಅಂತ ಬರೆದಿತ್ತು. ರಾತ್ರಿ ನಮ್ಮವರ ದನಿಯಲ್ಲೇ ಕರೆಯೋ ದೆವ್ವ, ಬರಹ ಓದಿ ವಾಪಸ್ ಹೋಗುತ್ತಿತ್ತಂತೆ, ಸಾಲಗಾರನ ಮನೆಗೆ ಬಂದವರ ಥರ. ಸೀಮೆಸುಣ್ಣ ಅಳಿಸಿಹೋದರೆ ಅಮ್ಮ ಮತ್ತೆ ತಿದ್ದುತ್ತಿದ್ದರು. ಅದನ್ನು ನಾನೂ ಜೀವ ಇರೋವರೆಗೂ ಹೇಳುತ್ತೇನೆ. ಅಲ್ಲಿ ಯಾರ ಮನೆಯ ಸಾವೂ ಇರಲಿಲ್ಲ.

ಇಲ್ಲಿ ಹಾಗಲ್ಲ. ಕೊಲೆಯಾದ ವಯಸ್ಸಾದ ಹೆಂಗಸನ್ನೇ ನಾವು ದೆವ್ವ ಮಾಡಿಟ್ಟೆವು. ಚುಚ್ಚಿದವನ ಬಗ್ಗೆ ಭಯ ಇಲ್ಲ, ಸತ್ತವರ ಬಗ್ಗೆ ಭಯ. ಇದ್ಯಾವ ನ್ಯಾಯ?

ಅವರ ಹತ್ತಿರ ಪಿಯಾನೊ ಕಲಿತ ಮಕ್ಕಳು ಈಗ ದೊಡ್ಡವರಾಗಿ ಎಲ್ಲೋ ಇರಬೇಕು ಅಲ್ವಾ? ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕಾಮೆಂಟ್ ಮಾಡಿ. ಟೀಚರ್ ಹೇಗಿದ್ದರು? ತಪ್ಪು ನುಡಿಸಿದರೆ ಜಾಸ್ತಿ ಬೈಯುತ್ತಿದ್ದರಾ?