ಕರಡಿಯ ಗಂಟೆ, ಮಾವನ ಮಂಗಳಾರತಿ

ಮೈಸೂರಿನಲ್ಲಿ ಮನೆ ಮಾಡಿದವರಿಗೆ ಅರಮನೆ ಹೇಗೋ, ಜಪಾನಿನ ನಗೋಯಾದಲ್ಲಿರುವ ನನಗೆ ಮಾಗೊಮೆ ಎಂಬ ಹಳ್ಳಿ ಹಾಗೆ. ಊರಿನಿಂದ ಯಾರೇ ಬಂದರೂ ಕರೆದುಕೊಂಡು ಹೋಗಿ ತೋರಿಸದೆ ಬಿಡುಗಡೆಯಿಲ್ಲ. ಟೋಕಿಯೋ, ಕ್ಯೋಟೋಗಳನ್ನು ತಾವೇ ಸುತ್ತಿಕೊಂಡು ಬಂದು, ನಮ್ಮ ಸೋಫಾದಲ್ಲಿ ಕಾಲು ಚಾಚಿ, “ಸಿಟಿ ಸಾಕಾಯ್ತಪ್ಪ, ಯಾವುದಾದರೂ ಹಳ್ಳಿ ತೋರಿಸು” ಎನ್ನುತ್ತಾರೆ. ಅಲ್ಲಿಗೆ ನನ್ನ ಶನಿವಾರದ ಕಥೆ ಮುಗಿಯಿತು. ನಕತ್ಸುಗಾವಾವರೆಗೆ ರೈಲು, ಅಲ್ಲಿಂದ ಬಸ್ಸು, ಮಾಗೊಮೆಯಿಂದ ಘಟ್ಟದಾಚೆಯ ತ್ಸುಮಾಗೊವರೆಗೆ ಸುಮಾರು 8 ಕಿಲೋಮೀಟರ್ ಕಾಡುದಾರಿ. ಹಿಂದೆ ಎದೋ ಎನಿಸಿಕೊಂಡಿದ್ದ ಟೋಕಿಯೋದಿಂದ ಕ್ಯೋಟೋವರೆಗೆ 69 ತಂಗುದಾಣಗಳಿದ್ದ ನಕಸೆಂದೊ ಹೆದ್ದಾರಿಯ ತುಣುಕಿದು ಎಂಬ ನನ್ನ ವಿವರಣೆ ಎಷ್ಟು ಸವೆದಿದೆಯೆಂದರೆ, ಎಲ್ಲಿ ಉಸಿರೆಳೆದುಕೊಳ್ಳಬೇಕು, ಎಲ್ಲಿ ನಿಂತು ಎನಾ ಪರ್ವತದತ್ತ ಕೈ ತೋರಬೇಕು ಎಂಬುದೂ ಕಂಠಪಾಠವಾಗಿದೆ.

ಕಳೆದ ಶನಿವಾರದ ಅತಿಥಿ ಹೊಸಪೇಟೆಯ ನಮ್ಮ ಸೋದರಮಾವ, ನಿವೃತ್ತ ಹೆಡ್‌ಮಾಸ್ತರರು. ಈ ದಾರಿಯುದ್ದಕ್ಕೂ ಅಲ್ಲಲ್ಲಿ ಕಂಬಕ್ಕೆ ಗಂಟೆ ಕಟ್ಟಿದ್ದಾರೆ. ಕಾಡಿನಲ್ಲಿ ಕರಡಿಗಳಿರುವುದರಿಂದ ಮನುಷ್ಯರು ಬರುತ್ತಿದ್ದಾರೆಂದು ಅವಕ್ಕೆ ತಿಳಿಯಲಿ, ಜೋರಾಗಿ ಬಾರಿಸಿ ಎಂದು ಪಕ್ಕದಲ್ಲೇ ಫಲಕವೂ ಇದೆ. ಉಳಿದವರು ಹಗ್ಗ ಎಳೆದು ಮುಂದೆ ಹೋಗುತ್ತಾರೆ. ಮಾವ ಮೊದಲ ಗಂಟೆಯನ್ನು ಕಂಡೊಡನೆ ಟೋಪಿ ತೆಗೆದು ನನ್ನ ಕೈಗೆ ಕೊಟ್ಟರು. ಮೂರು ಸಲ ಬಾರಿಸಿ, ಕಣ್ಣು ಮುಚ್ಚಿ, ಕೈ ಮುಗಿದು, ಹೊಸಪೇಟೆಯಲ್ಲಿ ಬಿಟ್ಟುಬಂದವರ ಕ್ಷೇಮಕ್ಕೆಲ್ಲ ಬೇಡಿಕೊಂಡು, ನಿಂತಲ್ಲೇ ಒಂದು ಸುತ್ತು ಪ್ರದಕ್ಷಿಣೆ ಹಾಕಿದರು. ಹಿಂದೆ ಬರುತ್ತಿದ್ದ ಆಸ್ಟ್ರೇಲಿಯಾದ ದಂಪತಿಗಳು ಇದೇ ಇಲ್ಲಿನ ಕ್ರಮವಿರಬೇಕೆಂದು ತಾವೂ ಕೈ ಜೋಡಿಸಿದರು.

“ಮಾವ, ಅದು ದೇವರಿಗಲ್ಲ, ಕರಡಿಗೆ.”

“ಇರ್ಲಿ ಬಿಡೋ, ಜಾಂಬವಂತ ಯಾರು ಮತ್ತ?”

ಇದಕ್ಕೆ ಉತ್ತರವಿಲ್ಲ. ಮುಂದಿನ ಗಂಟೆಗೂ ಇದೇ ಪೂಜೆ, ಅದರ ಮುಂದಿನದಕ್ಕೂ ಇದೇ ಪೂಜೆ. ಒಂದು ತಿರುವಿನಲ್ಲಿ ನಾನು ಉಪಾಯವಾಗಿ ಗಂಟೆಗೆ ಅಡ್ಡ ನಿಂತು ಎದುರಿನ ಸೈಪ್ರೆಸ್ ಮರಗಳನ್ನು ತೋರಿಸಿದೆ. ಅವರು ಮರಗಳನ್ನೂ ನೋಡಿ, ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಬಾರಿಸಿದರು. ನಡುನಡುವೆ ವ್ಯಾಖ್ಯಾನ ಬೇರೆ: “ನಮ್ಮ ದರೋಜಿ ಕರಡಿಧಾಮದೊಳಗ ಬಂಡೆಗಲ್ಲಿಗೆ ಬೆಲ್ಲ ಸವರಿ ಕರಡಿ ಕರೀತಾರ, ಇಲ್ಲಿ ಗಂಟಿ ಹೊಡದು ಓಡಸ್ತಾರ. ಯಾರದು ಚಲೋ ಐತಿ ಹೇಳು?” ತ್ಸುಮಾಗೊದಿಂದ ರೈಲು ನಿಲ್ದಾಣಕ್ಕೆ ಹೋಗುವ ಬಸ್ಸುಗಳು ದಿನಕ್ಕೆ ಕೆಲವೇ ಕೆಲವು. ನಾನು ಗಡಿಯಾರ ನೋಡುತ್ತಿದ್ದರೆ ಅವರು ಮುಂದಿನ ಕಂಬವನ್ನು ಹುಡುಕುತ್ತಿದ್ದರು. ದಾರಿಯಲ್ಲಿ ಸ್ವಯಂಸೇವಕರು ಪುಕ್ಕಟೆ ಚಹಾ ಕೊಡುವ ಹಳೆಯ ಮನೆಯಲ್ಲಿ ಒಲೆಯ ಮುಂದೆ ಕೂತು ಎರಡನೆಯ ಲೋಟಕ್ಕೂ ಕೈ ಚಾಚಿದರು. ಒದಾಕಿ, ಮೆದಾಕಿ ಎಂಬ ಅವಳಿ ಜಲಪಾತಗಳ ಮುಂದೆ ಮಾತ್ರ ಅರೆಗಳಿಗೆ ನಿಂತು, “ಜೋಗದ ಮರಿಮೊಮ್ಮಕ್ಕಳು” ಎಂದು ತೀರ್ಪಿತ್ತು ನಡೆದರು.

ತ್ಸುಮಾಗೊ ತಲುಪುವ ಹೊತ್ತಿಗೆ ಬಸ್ಸು ಹೋಗಿತ್ತು. ಸಿಟ್ಟನ್ನು ನುಂಗಿಕೊಳ್ಳಲು ನಾನು ಮತ್ತೆ ಗಿಣಿಪಾಠ ಒಪ್ಪಿಸತೊಡಗಿದೆ: ಇಲ್ಲಿನ ಜನ 1971ರಲ್ಲಿ ಸೇರಿ, ಈ ಮನೆಗಳನ್ನು ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ ಎಂದು ತಮಗೆ ತಾವೇ ಕಟ್ಟಳೆ ಹಾಕಿಕೊಂಡರು, ಹಗಲು ಹೊತ್ತು ಈ ಬೀದಿಗೆ ವಾಹನ ಬಿಡುವುದಿಲ್ಲ. ಮಾವ ಮೊದಲ ಬಾರಿಗೆ ಎದುರುತ್ತರ ಕೊಡಲಿಲ್ಲ. ಮರದ ಜಾಲಂದರದ ಹಿಂದೆ ಮುದುಕಿಯೊಬ್ಬಳು ಮೂಲಂಗಿ ಹೆಚ್ಚುತ್ತಿರುವುದನ್ನು ನೋಡುತ್ತ ನಿಂತರು. “ಹಂಪಿ ಬಜಾರದಾಗೂ ಮಂದಿ ಹಿಂಗs ಇದ್ರು. ಮಂಟಪದಾಗs ಮನಿ, ಮಂಟಪದಾಗs ಅಂಗಡಿ. 2011ರಾಗ ಎಬ್ಬಿಸಿದ್ರು. ಈಗ ಹೋದ್ರ ಕಲ್ಲು ಅದಾವು, ಮಾತಾಡ್ಸೋರಿಲ್ಲ.” ಸ್ವಲ್ಪ ಹೊತ್ತು ಬಿಟ್ಟು ನಕ್ಕರು: “ನೌಕರಿ ಇರೋತನಕ ಬಂದೋರಿಗೆಲ್ಲ ಕಲ್ಲಿನ ತೇರು ತೋರ್ಸಿ ತೋರ್ಸಿ ನನಗ ಅದರ ಗಾಲಿ ಕಂಡ್ರ ಕಾಲು ನೋವಾಗ್ತಿತ್ತು.” ಬೇಸಿಗೆ ರಜೆ ಬಂತೆಂದರೆ ಆ ತೇರಿನ ಮುಂದೆ ಅವರ ಕೈ ಹಿಡಿದು ಐಸ್‌ಕ್ಯಾಂಡಿಗೆ ಹಟ ಮಾಡುತ್ತಿದ್ದ ಹುಡುಗರಲ್ಲಿ ನಾನೇ ಮೊದಲಿಗ. ಒಂದು ಸಲವೂ ಅವರು ಗಡಿಯಾರ ನೋಡಿದ ನೆನಪಿಲ್ಲ.

ನಗಿಸೊ ನಿಲ್ದಾಣದವರೆಗೆ ನಡೆದೇ ಹೋದೆವು. ಅಲ್ಲಿ ಶಿನಾನೊ ಎಕ್ಸ್‌ಪ್ರೆಸ್ ರೈಲುಗಳಲ್ಲಿ ಕೆಲವಷ್ಟೇ ನಿಲ್ಲುತ್ತವೆ, ಸಾದಾ ರೈಲಿಗೆ ಕಾಯುತ್ತ ಮಾವ ಬೂಟು ಬಿಚ್ಚಿ, ಹಿಮ್ಮಡಿ ತಿಕ್ಕಿಕೊಳ್ಳುತ್ತ ಹೇಳಿದರು: “ಸಕುರಾ ಹೂವು ಬಿಡೋ ಹೊತ್ತಿಗೆ ನಿಮ್ಮ ಚಿಕ್ಕಮ್ಮನ ಮನಿಯವರು ಏಳು ಮಂದಿ ಬರ್ತಾರಂತ. ಅವರಿಗೂ ಇದನ್ನs ತೋರ್ಸು. ಆ ಫಾಲ್ಸ್ ಒಂದು ಬ್ಯಾಡ.”